ಎದೆ ಓಡಲಿ, ನೀನು ಉಸಿರು ನೋಡು

ಪುಟ್ಟಿ, ನೀನು ನಿನ್ನೆ ರಾತ್ರಿ ಹನ್ನೊಂದೂವರೆಗೆ ಕಳಿಸಿದ ಇ.ಸಿ.ಜಿ. ಚೀಟಿಯ ಫೋಟೊ ನಾನು ನೋಡಿದ್ದು ಬೆಳಗಿನ ಕಾಫಿಯ ಹೊತ್ತಿಗೆ. ಕನ್ನಡಕ ಏರಿಸಿ, ಇಳಿಸಿ, ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ಗೀಟುಗಳ ಮೇಲ್ಗಡೆ ಯಂತ್ರವೇ ಅಚ್ಚು ಹಾಕಿದ ಎರಡು ಪದ: ಸೈನಸ್ ಅರಿತ್ಮಿಯಾ. ಅದರ ಕೆಳಗೆ ನಿನ್ನ ಪ್ರಶ್ನೆ: 'ಅತ್ತೆ, ಪುಟ್ಟುವಿನ ಹಾರ್ಟಿನ ಲಯ ತಪ್ಪಿದೆಯಂತೆ. ಅಸ್ತಮಾದ ಪಂಪು ನಿಲ್ಲಿಸಿಬಿಟ್ಟೆ. ಸರಿ ತಾನೆ?'

ಸರಿಯಲ್ಲ ಮಾರಾಯ್ತಿ. ಮೊದಲು ಅದನ್ನು ಮತ್ತೆ ಶುರು ಮಾಡು, ಆಮೇಲೆ ಕೂತು ಇದನ್ನು ಓದು. ಫೋನಿನಲ್ಲಿ ಹೇಳಿದರೆ ನೀನು ಅರ್ಧ ಕೇಳುತ್ತೀ, ಉಳಿದರ್ಧ ಕುಕ್ಕರಿನ ಸೀಟಿಗೆ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಮೂವತ್ತನಾಲ್ಕು ವರ್ಷ ಮಲೆನಾಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡಿದ ಸಿಸ್ಟರ್ ನಾನು, ಡಾಕ್ಟರಲ್ಲ. ನನ್ನ ಮಾತಿಗೂ ನಿಮ್ಮ ಮಕ್ಕಳ ಡಾಕ್ಟರ ಮಾತಿಗೂ ತಾಳೆ ಬೀಳದಿದ್ದರೆ ಅವರ ಮಾತೇ ನಡೆಯಲಿ. ಆದರೆ ಅವರನ್ನು ಕೇಳದೆ ನೀನೇ ನಿಲ್ಲಿಸಿದೆಯಲ್ಲ, ಅದಕ್ಕೆ ಮಾತ್ರ ನಾನು ಗದರುವುದು.

ಆ ಚೀಟಿಯ ಮಾತು ಮೊದಲು ಮುಗಿಸಿಬಿಡೋಣ. ಇವತ್ತು ಪುಟ್ಟು ಮಲಗಿದ ಮೇಲೆ ಅವನ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಕಡೆಗೆ, ನಿನ್ನ ಎರಡು ಬೆರಳು ಇಡು. ಇನ್ನೊಂದು ಕೈ ಅವನ ಹೊಟ್ಟೆಯ ಮೇಲಿರಲಿ. ಹೊಟ್ಟೆ ಉಬ್ಬುವಾಗ ನಾಡಿ ಚುರುಕಾಗುತ್ತದೆ, ಇಳಿಯುವಾಗ ತುಸು ತಡೆಯುತ್ತದೆ. ಯಂತ್ರ ಹೇಳಿದ್ದು ಇಷ್ಟನ್ನೇ. ಸೈನಸ್ ಅಂದರೆ ಇಲ್ಲಿ ನೆಗಡಿಯಾದಾಗ ನೋಯುವ ಮೂಗಿನ ಸೈನಸ್ ಅಲ್ಲ. ಹೃದಯದ ಬಲಗಡೆಯ ಮೇಲ್ಗೋಣೆಯಲ್ಲಿ ಕೂತು ತಾಳ ಹಾಕುವ ಪುಟ್ಟ ಗಂಟು. ಮಿದುಳಿನಿಂದ ಇಳಿದು ಬರುವ ವೇಗಸ್ ನರ ಆ ಗಂಟಿನ ಲಗಾಮು ಹಿಡಿದಿರುತ್ತದೆ. ಉಸಿರು ಒಳಕ್ಕೆ ಹೋಗುವಾಗ ಲಗಾಮು ಸಡಿಲ, ಹೊರಕ್ಕೆ ಬರುವಾಗ ಬಿಗಿ. ಜರ್ಮನಿಯ ಕಾರ್ಲ್ ಲುಡ್ವಿಗ್ 1847ರಲ್ಲೇ ಇದನ್ನು ಯಂತ್ರದಿಂದ ಗೆರೆ ಎಳೆಸಿ ತೋರಿಸಿದ್ದ. ಆರೋಗ್ಯವಂತ ಮಕ್ಕಳಲ್ಲಿ ಇದು ಎದ್ದು ಕಾಣುತ್ತದೆ, ವಯಸ್ಸಾದಂತೆ ಮಂಕಾಗುತ್ತದೆ. ನನ್ನ ಇ.ಸಿ.ಜಿ.ಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಯಂತ್ರಕ್ಕೆ ಹೆಸರು ಹಾಕುವುದು ಗೊತ್ತು, 'ಆರು ವರ್ಷದ ಹುಡುಗನಿಗೆ ಇದು ಸಹಜ' ಎಂದು ಕೆಳಗೆ ಸೇರಿಸುವುದು ಗೊತ್ತಿಲ್ಲ. ಅದನ್ನು ನಿನಗೆ ಬಾಯಿಬಿಟ್ಟು ಹೇಳಬೇಕಾಗಿದ್ದ ಲ್ಯಾಬಿನ ಹುಡುಗ ಚೀಟಿಯನ್ನು ಕವರಿಗೆ ಹಾಕಿ ಕೈಗೆ ಕೊಟ್ಟ.

ಹಾಗಾದರೆ ಉಬ್ಬಸ ಬಂದಾಗ ಅವನ ಎದೆ ಡವಡವ ಹೊಡೆದುಕೊಳ್ಳುವುದು? ಅದು ಬೇರೆ. ಅದು ತಿಳಿಯಬೇಕಾದರೆ ಉಸಿರಿನಿಂದ ಶುರು ಮಾಡಬೇಕು.

ನಮ್ಮಮ್ಮ ಒಲೆ ಊದುತ್ತಿದ್ದ ಊದುಗೊಳವೆ ನಿನಗೆ ನೆನಪಿದೆಯಲ್ಲ. ಅದರ ಒಳಗೋಡೆಗೆ ಸುತ್ತಲೂ ಮಸಿ ಕಟ್ಟಿತು ಅಂದುಕೋ. ಅಸ್ತಮಾದಲ್ಲಿ ಶ್ವಾಸನಾಳಕ್ಕೆ ಆಗುವುದು ಮೂರು: ಒಳಗೋಡೆ ಕೆಂಪಗೆ ಊದಿಕೊಳ್ಳುತ್ತದೆ, ಸುತ್ತಲಿನ ಸ್ನಾಯು ಹಿಂಡಿಕೊಳ್ಳುತ್ತದೆ, ಅಂಟುಅಂಟಾದ ಕಫ ತುಂಬುತ್ತದೆ. ಕೊಳವೆಯ ಅಗಲ ಅರ್ಧಕ್ಕೆ ಇಳಿದರೆ ಗಾಳಿ ಸಾಗಿಸುವ ಕಷ್ಟ ದುಪ್ಪಟ್ಟಾಗುತ್ತದೆ ಎಂದು ನಾವು ಎಣಿಸುತ್ತೇವೆ. ಲೆಕ್ಕ ಹಾಗಿಲ್ಲ; ಅದು ಹೆಚ್ಚುಕಡಿಮೆ 16 ಪಟ್ಟಾಗುತ್ತದೆ. ದೊಡ್ಡವರ ನಾಳದಲ್ಲಿ ಒಂದಿಷ್ಟು ಊತ ಬಂದರೂ ದಾರಿ ಉಳಿಯುತ್ತದೆ. ಮಗುವಿನ ನಾಳ ಮೊದಲೇ ಕಡ್ಡಿಯಷ್ಟು. ಇನ್ನೊಂದು ವಿಷಯ, ಇದನ್ನು ಓದಿದವರೂ ಮರೆಯುತ್ತಾರೆ: ಉಬ್ಬಸದಲ್ಲಿ ಕಷ್ಟವಾಗುವುದು ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು. ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವಷ್ಟರಲ್ಲಿ ಇನ್ನೊಂದು ಉಸಿರು ಬರುತ್ತದೆ. ಗಾಳಿ ಒಳಗೇ ಕೂತು ಎದೆಗೂಡು ಉಬ್ಬಿಕೊಳ್ಳುತ್ತದೆ. ಸುಂಯ್ ಎನ್ನುವ ಸದ್ದು ಹೆಚ್ಚಾಗಿ ಉಸಿರು ಬಿಡುವಾಗ ಕೇಳುವುದು ಅದಕ್ಕೇ. ನಿನ್ನ ಮಗ 'ಅಮ್ಮಾ, ಹೊಟ್ಟೆ ನೋವು' ಅಂದನೆಂದು ಜೀರಿಗೆ ಕಷಾಯ ಕುಡಿಸಿದೆಯಲ್ಲ ಕಳೆದ ತಿಂಗಳು, ಅದು ಹೊಟ್ಟೆನೋವಲ್ಲ, ಹೊಟ್ಟೆಯ ಸ್ನಾಯುಗಳು ಉಸಿರು ತಳ್ಳಿ ತಳ್ಳಿ ಸೋತದ್ದು.

ಈಗ ಹೃದಯದ ಸರದಿ. ರಕ್ತಕ್ಕೆ ಆಮ್ಲಜನಕ ಕಡಿಮೆಯಾಯಿತು ಅಂದರೆ ಹೃದಯ ಸುಮ್ಮನಿರುವುದಿಲ್ಲ. ಇರುವಷ್ಟನ್ನೇ ಬೇಗ ಬೇಗ ಹಂಚುತ್ತದೆ. ಮಗುವಿಗೆ ಗಾಬರಿಯೂ ಇರುತ್ತದೆ, ಗಾಬರಿಗೆ ಮೈಯೊಳಗೇ ಅಡ್ರಿನಾಲಿನ್ ಸುರಿಯುತ್ತದೆ. ಜತೆಗೆ ಉಬ್ಬಿದ ಶ್ವಾಸಕೋಶ ನಡುವೆ ಕೂತ ಹೃದಯವನ್ನು ಒತ್ತುತ್ತದೆ. ಬಿಗಿ ಉಬ್ಬಸದಲ್ಲಿ ಮಗು ಉಸಿರೆಳೆದಾಗ ನಾಡಿ ಸಣ್ಣಗಾಗಿ, ಬಿಟ್ಟಾಗ ಮತ್ತೆ ತುಂಬುವುದು ಕೈಗೇ ತಿಳಿಯುತ್ತದೆ. ನಾವು ಬಿ.ಪಿ. ಪಟ್ಟಿ ಕಟ್ಟಿ ಆ ಏರಿಳಿತ ಅಳೆಯುತ್ತಿದ್ದೆವು. ಹತ್ತು ಮಿಲಿಮೀಟರಿಗಿಂತ ಹೆಚ್ಚು ಇಳಿದರೆ ಡಾಕ್ಟರನ್ನು ಎಬ್ಬಿಸುವುದೇ. ಇದರಲ್ಲಿ ಹೃದಯದ ತಪ್ಪೇನಿದೆ ಹೇಳು? ಮನೆಗೆ ನೀರು ಬರದಿದ್ದಾಗ ಬಾವಿಗೆ ನಾಲ್ಕು ಸಲ ಓಡುವ ಹೆಂಗಸಿನ ಹಾಗೆ ಅದು ಓಡುತ್ತಿದೆ. ಅವಳನ್ನು ಕೂರಿಸಿದರೆ ನೀರು ಬರುತ್ತದೆಯೇ? ನಲ್ಲಿ ರಿಪೇರಿ ಮಾಡಬೇಕು.

ನಾನು ಹೆದರಿದ್ದು ಓಡುವ ಹೃದಯಕ್ಕಲ್ಲ. ಒಂದು ಆಷಾಢದ ರಾತ್ರಿ, ಎಸ್ಟೇಟ್ ಲೈನಿನಿಂದ ಎಂಟು ವರ್ಷದ ಒಂದು ಹುಡುಗಿಯನ್ನು ಜೀಪಿನಲ್ಲಿ ತಂದರು. ಸಂಜೆಯಿಂದ ಉಬ್ಬಸ. ಮಳೆಗೆ ಹಳ್ಳ ತುಂಬಿ ದಾರಿಯಲ್ಲಿ ಎರಡು ಗಂಟೆ ನಿಂತಿದ್ದರಂತೆ. ಅಪ್ಪ ಬಾಗಿಲಲ್ಲೇ ಹೇಳಿದ, 'ಸಿಸ್ಟರ್, ಈಗ ವಾಸಿ, ಆ ಸುಂಯ್ ಸದ್ದು ನಿಂತಿದೆ, ನಿದ್ದೆ ಬಂದಿದೆ.' ನಾನು ನಾಡಿ ಹಿಡಿದೆ. ಅಂಥ ಉಬ್ಬಸದಲ್ಲಿ 140 ಇರಬೇಕಾದ ನಾಡಿ ಅರುವತ್ತರ ಹತ್ತಿರ ಇತ್ತು. ಸ್ಟೆತೊಸ್ಕೋಪ್ ಇಟ್ಟರೆ ಎದೆಯಲ್ಲಿ ಸದ್ದೇ ಇಲ್ಲ. ಸದ್ದು ಬರಬೇಕಾದರೂ ಗಾಳಿ ಓಡಾಡಬೇಕಲ್ಲ. ಗಾಳಿಯೇ ಇಲ್ಲದ ಎದೆ ಮೌನವಾಗುತ್ತದೆ, ದಣಿದ ಹೃದಯ ನಿಧಾನವಾಗುತ್ತದೆ, ಮಿದುಳು ಮಂಕಾಗಿ ಮಗು ತೂಕಡಿಸುತ್ತದೆ. ಹೊರಗಿನವರ ಕಣ್ಣಿಗೆ ಈ ಮೂರೂ ಆರಾಮವಾದ ಹಾಗೇ ಕಾಣುವುದು. ಡಾಕ್ಟರು ಲುಂಗಿಯಲ್ಲೇ ಓಡಿ ಬಂದರು. ಹುಡುಗಿ ಉಳಿದಳು, ಬೆಳಗಾಗುವಷ್ಟರಲ್ಲಿ ಅವಳ ನಾಡಿ ಮತ್ತೆ ನೂರೈವತ್ತು ಹೊಡೆಯುತ್ತಿತ್ತು, ನನಗೆ ಅಷ್ಟು ಸಮಾಧಾನ ಕೊಟ್ಟ ಡವಡವ ಇನ್ನೊಂದಿಲ್ಲ.

ನೀನು ಹೇಳುತ್ತೀ, ಉಬ್ಬಸ ಇಳಿದ ಮೇಲೂ ಎದೆ ಓಡುತ್ತದೆ, ಕೈ ನಡುಗುತ್ತದೆ, ಅದು ಪಂಪಿನದ್ದೇ ಅಂತ. ಹೌದು, ಪಂಪಿನದ್ದೇ. ಉಬ್ಬಸ ಬಂದಾಗ ಕೊಡುವ ಪಂಪಿನಲ್ಲಿ ಇರುವುದು ಸಾಲ್ಬುಟಮಾಲ್. ಶ್ವಾಸನಾಳದ ಸ್ನಾಯುವಿನ ಮೇಲೆ ಬೀಟಾ-2 ಎಂಬ ಬೀಗಗಳಿವೆ, ಈ ಔಷಧ ಆ ಬೀಗಕ್ಕೆ ಕೀಲಿಕೈ, ತಿರುಗಿದರೆ ಸ್ನಾಯು ಸಡಿಲ. ಅದೇ ಬೀಗ ಕೈಕಾಲಿನ ಸ್ನಾಯುವಿನಲ್ಲೂ ಇದೆ, ಅದಕ್ಕೇ ನಡುಕ. ಹೃದಯದಲ್ಲೂ ಒಂದಷ್ಟು ಇದೆ, ಅದಕ್ಕೇ ಓಟ. ಗಂಟೆ ಎರಡು ಗಂಟೆಯಲ್ಲಿ ಇಳಿಯುತ್ತದೆ. ಆಸ್ಪತ್ರೆಯಲ್ಲಿ ಮೇಲಿಂದ ಮೇಲೆ ಬಹಳ ಸಲ ಕೊಡಬೇಕಾದಾಗ ರಕ್ತದ ಪೊಟ್ಯಾಸಿಯಂ ಕೆಳಗೆ ಬೀಳುವುದುಂಟು, ಅಲ್ಲಿ ಅದನ್ನು ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಡಾಕ್ಟರು ಬರೆದಷ್ಟು ಕೊಡುವ ಪಫ್‌ಗಳಿಗೆ ಪುಟ್ಟುವಿನಂಥ ಗಟ್ಟಿ ಹೃದಯ ಅಲ್ಲಾಡುವುದಿಲ್ಲ.

ಆದರೆ ಒಂದು ತಮಾಷೆ ನೋಡು. ಪಂಪಿಗೆ ಹೆದರಿ ನೀನು ಅಲಮಾರಿಯಿಂದ ತೆಗೆದದ್ದು ಹಳೆಯ ಸಿರಪ್ಪಿನ ಬಾಟಲಿ, ಅಲ್ಲವೇ? 'ಸಿರಪ್ ಆದರೆ ಮೆತ್ತಗೆ' ಎಂದು. ಬಾಟಲಿಯ ಹಿಂಬದಿ ಓದು. ಸಾಲ್ಬುಟಮಾಲ್ ಸಿರಪ್ಪಿನ ಒಂದು ಸಣ್ಣ ಚಮಚ, ಅಂದರೆ 5 ಮಿಲಿಲೀಟರಿನಲ್ಲಿ, 2 ಮಿಲಿಗ್ರಾಂ ಔಷಧ. ಪಂಪಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ. ಸಾವಿರ ಮೈಕ್ರೋಗ್ರಾಮಿಗೆ ಒಂದು ಮಿಲಿಗ್ರಾಂ. ಲೆಕ್ಕ ಹಾಕಿದೆಯಾ? ಒಂದು ಚಮಚ ಸಿರಪ್ ಅಂದರೆ ಇಪ್ಪತ್ತು ಪಫ್. ಅದು ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ, ಕೊನೆಗೆ ಒಂದಿಷ್ಟು ಶ್ವಾಸನಾಳಕ್ಕೆ. ತಡವೂ ಆಯಿತು, ನಡುಕವೂ ಎದೆಬಡಿತವೂ ಹೆಚ್ಚಾಯಿತು. ಎದೆಗೆ ಹೆದರಿ ಎದೆಗೇ ಜಾಸ್ತಿ ಬಡಿಸಿದೆ ಕೂಸೇ. ನೆಬುಲೈಸರ್ ಮಷೀನಿನ ಆವಿಯ ಮೇಲೂ ಜನಕ್ಕೆ ಭಾರೀ ನಂಬಿಕೆ. ಸದ್ದು ಮಾಡುವ ವಸ್ತು ಕೆಲಸ ಮಾಡಿದ ಹಾಗೇ ಕಾಣುತ್ತದಲ್ಲ. ತೀರ ಜೀವಕ್ಕೆ ಬಂದ ಉಬ್ಬಸದಲ್ಲಿ ಆಸ್ಪತ್ರೆಯವರು ಆಮ್ಲಜನಕದ ಜತೆ ಅದನ್ನು ಕೊಡುತ್ತಾರೆ, ಆ ಮಾತು ಬೇರೆ. ಅಷ್ಟು ವಿಷಮಿಸದ ಉಬ್ಬಸದಲ್ಲಿ ಪಂಪಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ಕೊಟ್ಟರೂ ಗುಣ ಅಷ್ಟೇ ಎಂದು ಮಕ್ಕಳ ಮೇಲೆ ನಡೆದ ಹಲವು ಪರೀಕ್ಷೆಗಳನ್ನು ಒಟ್ಟು ಹಾಕಿ ನೋಡಿದವರು ಕಂಡುಕೊಂಡಿದ್ದಾರೆ. ಎದೆಬಡಿತ ಏರಿದ್ದೂ ಸ್ಪೇಸರಿನಲ್ಲೇ ಕಡಿಮೆ.

ಈ ಹೆದರಿಕೆ ನಿನಗೆ ಎಲ್ಲಿಂದ ಬಂತು ಎಂದು ನನಗೆ ಗೊತ್ತು. ನಮ್ಮ ಮನೆಯಿಂದಲೇ ಬಂದದ್ದು. ನಿನ್ನಪ್ಪನಿಗೆ ಚಿಕ್ಕವನಿದ್ದಾಗ ಭಯಂಕರ ಗೂರಲು. ಅಡಿಕೆ ಸುಲಿಯುವ ಕಾಲ, ಬಚ್ಚಲ ಹಂಡೆಯ ಹೊಗೆ, ಮಳೆಗಾಲದ ಬೂಷ್ಟು, ಯಾವುದಾದರೂ ಒಂದು ಸಾಕು. ನಮ್ಮಜ್ಜ ತಮ್ಮ ದಮ್ಮಿಗೆ ಒಣಗಿಸಿದ ಉಮ್ಮತ್ತಿ ಎಲೆ ಸುತ್ತಿ ಸೇದುತ್ತಿದ್ದರು. ಅದು ವಿಷದ ಗಿಡ, ಆದರೂ ಅದರೊಳಗಿನ ಒಂದು ಅಂಶ ಶ್ವಾಸನಾಳ ಬಿಡಿಸುವುದು ನಿಜ. ಇವತ್ತಿನ ನೆಬುಲೈಸರಿನಲ್ಲಿ ಸೇರಿಸುವ ಇಪ್ರಟ್ರೋಪಿಯಂ ಅದೇ ಕುಲದ ಮೊಮ್ಮಗ. ನಿನ್ನಪ್ಪನಿಗೆ ಅಮ್ಮ ಕೊಡುತ್ತಿದ್ದದ್ದು ಹಾಲಿಲ್ಲದ ಗಟ್ಟಿ ಕಾಫಿ. ಇಂಗ್ಲೆಂಡಿನ ಹೆನ್ರಿ ಹೈಡ್ ಸಾಲ್ಟರ್ ಎಂಬ ಡಾಕ್ಟರು, ಸ್ವತಃ ಅಸ್ತಮಾ ರೋಗಿ, 1860ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಗಟ್ಟಿ ಕಾಫಿಯನ್ನೇ ಹೊಗಳಿದ್ದಾರೆ. ಅಮ್ಮ ಅದನ್ನು ಓದಿರಲಿಲ್ಲ ಬಿಡು. ಕಾಫಿಯ ಕೆಫೀನಿಗೂ ಅಸ್ತಮಾದ ಥಿಯೋಫಿಲಿನ್‌ಗೂ ಅಕ್ಕತಂಗಿಯರ ಸಂಬಂಧ. ಎರಡೂ ಉಸಿರು ಬಿಡಿಸುತ್ತವೆ, ಎರಡೂ ಎದೆ ಓಡಿಸುತ್ತವೆ.

ಕಾಫಿಗೂ ಬಗ್ಗದಿದ್ದರೆ ಆಸ್ಪತ್ರೆಗೆ ಹೊತ್ತೊಯ್ದು ಅಡ್ರಿನಾಲಿನ್ ಸೂಜಿ. ಸೂಜಿ ಹಾಕಿದ ಐದು ನಿಮಿಷಕ್ಕೆ ಉಬ್ಬಸ ಬಿಡುತ್ತಿತ್ತು, ಆದರೆ ಹುಡುಗ ಬಿಳಿಚಿಕೊಂಡು ಗಡಗಡ ನಡುಗುತ್ತಿದ್ದ, ಅಂಗಿಯ ಮೇಲಿಂದಲೇ ಎದೆ ಕುಣಿಯುವುದು ಕಾಣುತ್ತಿತ್ತು. 'ಈ ಸೂಜಿ ಒಂದಿನ ಇವನ ಎದೆ ಒಡೆಯುತ್ತದೆ' ಎಂದು ಅಮ್ಮ ಅಳುತ್ತಿದ್ದಳು. ಮುಂದೆ ನಾನು ಕೆಲಸಕ್ಕೆ ಸೇರಿದಾಗ ಅಮಿನೋಫಿಲಿನ್ ಇಂಜೆಕ್ಷನ್ನಿನ ಕಾಲ. ಗೋಡೆಯ ಗಡಿಯಾರ ನೋಡಿಕೊಂಡು ಹನಿಹನಿಯಾಗಿ ರಕ್ತನಾಳಕ್ಕೆ ಬಿಡಬೇಕು. ಅವಸರದಲ್ಲಿ ತಳ್ಳಿದರೆ ಹೃದಯದ ಲಯ ನಿಜವಾಗಿಯೇ ತಪ್ಪುತ್ತದೆ. ಗುಣ ಕೊಡುವ ಅಳತೆಗೂ ಕೇಡು ಮಾಡುವ ಅಳತೆಗೂ ನಡುವೆ ಕೂದಲೆಳೆಯಷ್ಟು ಜಾಗ. ಅಂದರೆ ಅಮ್ಮನ ಹೆದರಿಕೆ ಸುಳ್ಳಲ್ಲ. ಆ ಕಾಲದ ಔಷಧಕ್ಕೆ ಅದು ತಕ್ಕದ್ದೇ. ಔಷಧ ಬದಲಾಯಿತು, ಹೆದರಿಕೆ ಮಾತ್ರ ಅಮ್ಮನಿಂದ ನಿನ್ನಪ್ಪನಿಗೆ, ಅವನಿಂದ ನಿನಗೆ, ಪಾತ್ರೆಪಡಗದ ಹಾಗೆ ಬಂದಿತು.

ಪಂಪಿನ ಕಥೆಯಲ್ಲೂ ಹೃದಯದ ಮಾತು ಬರುತ್ತದೆ, ಮುಚ್ಚಿಡುವುದಿಲ್ಲ. 1955ರಲ್ಲಿ ಅಮೆರಿಕದ ರೈಕರ್ ಎಂಬ ಔಷಧ ಕಂಪನಿಯ ಮುಖ್ಯಸ್ಥ ಜಾರ್ಜ್ ಮೈಸನ್‌ನ 13 ವರ್ಷದ ಮಗಳಿಗೆ ಅಸ್ತಮಾ. ಗಾಜಿನ ನೆಬುಲೈಸರಿನ ರಬ್ಬರ್ ಬುರುಡೆ ಹಿಂಡಿ ಹಿಂಡಿ ಬೇಸತ್ತು, ಕೂದಲಿಗೆ ಹೊಡೆಯುವ ಸ್ಪ್ರೇ ಹಾಗೆ ನನ್ನ ಔಷಧ ಯಾಕಿರಬಾರದು ಎಂದು ಅಪ್ಪನನ್ನು ಕೇಳಿದಳಂತೆ. ಮರುವರ್ಷವೇ ಪಂಪು ಅಂಗಡಿಗೆ ಬಂತು. ಮಕ್ಕಳು ಕೇಳುವ ಪ್ರಶ್ನೆಯನ್ನು ದೊಡ್ಡವರು ಕಿವಿಗೆ ಹಾಕಿಕೊಂಡರೆ ಏನೇನಾಗುತ್ತದೆ ನೋಡು. ಆದರೆ ಆಗ ಅದರಲ್ಲಿದ್ದ ಔಷಧ ಶ್ವಾಸಕೋಶ, ಹೃದಯ ಎಂಬ ಭೇದವಿಲ್ಲದೆ ಎರಡನ್ನೂ ಬಡಿದೆಬ್ಬಿಸುವಂಥದ್ದು. ಅರವತ್ತರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಐಸೊಪ್ರೆನಲಿನ್ ಎಂಬ ಔಷಧವನ್ನು ಐದು ಪಟ್ಟು ಗಟ್ಟಿ ಮಾಡಿ ಪಂಪಿನಲ್ಲಿ ಮಾರಿದರು. ಅಸ್ತಮಾ ಸಾವುಗಳು ಏರಿದವು, ಅದೂ ಹತ್ತರಿಂದ ಹದಿನಾಲ್ಕರ ಮಕ್ಕಳಲ್ಲೇ ಹೆಚ್ಚು. ಔಷಧ ಹೃದಯಕ್ಕೆ ಹೊಡೆಯಿತು ಎಂದು ಕೆಲವರು, ಪಂಪು ಇದೆಯಲ್ಲ ಎಂದು ಆಸ್ಪತ್ರೆಗೆ ಹೋಗುವುದನ್ನು ತಡ ಮಾಡಿದರು ಎಂದು ಕೆಲವರು. ಎರಡೂ ನಿಜವಿದ್ದೀತು. 1969ರಲ್ಲಿ ಸಾಲ್ಬುಟಮಾಲ್ ಬಂದದ್ದು ಆ ಗೋಳಿನ ಬೆನ್ನಿಗೆ. ಹೃದಯವನ್ನು ಆದಷ್ಟು ಬಿಟ್ಟು ಶ್ವಾಸನಾಳವನ್ನೇ ಹುಡುಕಿ ಹೋಗುವ ಹಾಗೆ ಕಟ್ಟಿದ ಔಷಧ ಅದು.

ಆ ಕಥೆಯ ಎರಡನೆಯ ಅರ್ಧ, ಪಂಪು ಇದೆಯಲ್ಲ ಎಂದು ಕೂರುವುದು, ಇವತ್ತಿಗೂ ಸಲ್ಲುತ್ತದೆ. ತಕ್ಷಣದ ಪಂಪು ಸ್ನಾಯುವನ್ನು ಸಡಿಲಿಸುತ್ತದೆ, ಒಳಗೋಡೆಯ ಊತವನ್ನು ಅದು ಮುಟ್ಟುವುದಿಲ್ಲ. ಊತಕ್ಕೆ ಬೇಕಾದದ್ದು ದಿನಾ ಬೆಳಗ್ಗೆ ಸಂಜೆ ತೆಗೆದುಕೊಳ್ಳುವ ಇನ್ನೊಂದು ಪಂಪು, ಸ್ಟಿರಾಯ್ಡಿನದ್ದು. ನಿನ್ನ ಮನೆಯಲ್ಲಿ ಅದರ ಡಬ್ಬಿ ಸೀಲೂ ಒಡೆಯದೆ ಕೂತಿದೆ ಎಂದು ನಿನ್ನ ಗಂಡ ಬಾಯಿಬಿಟ್ಟ, ಬೈಯಬೇಡ ಅವನನ್ನು. ತಿಂಗಳಿಗೆ ಎಷ್ಟು ಸಲ ತಕ್ಷಣದ ಪಂಪು ತೆಗೆಯುತ್ತೀರಿ ಎಂದು ಕೇಳಿದರೆ ಲೆಕ್ಕವೇ ಇಲ್ಲ ಅಂದ. ದಿನದ ಪಂಪು ಬಿಟ್ಟರೆ ತಕ್ಷಣದ ಪಂಪು ಮೇಲಿಂದ ಮೇಲೆ ಬೇಕಾಗುತ್ತದೆ, ಆಗ ಎದೆ ಮೇಲಿಂದ ಮೇಲೆ ಓಡುತ್ತದೆ. ನಿನಗೆ ಎದೆಯ ಚಿಂತೆ ನಿಜವಾಗಿ ಇದ್ದರೆ ಆ ಸೀಲು ಒಡೆಯಬೇಕು. ಅಸ್ತಮಾಕ್ಕೆ ಜಗತ್ತಿನ ಡಾಕ್ಟರುಗಳೆಲ್ಲ ನೋಡುವ 'ಜೀನಾ' ಎಂಬ ಮಾರ್ಗಸೂಚಿ 2019ರಿಂದ ಹದಿಹರೆಯದವರಿಗೂ ದೊಡ್ಡವರಿಗೂ ಬರೀ ತಕ್ಷಣದ ಪಂಪಿನ ಮೇಲೆ ಬದುಕುವುದು ಬೇಡ ಎಂದೇ ಹೇಳುತ್ತಿದೆ. ಪುಟ್ಟುವಿನ ವಯಸ್ಸಿನವರಿಗೂ ಸ್ಟಿರಾಯ್ಡ್ ಜತೆಗಿರಬೇಕು ಅನ್ನುತ್ತದೆ.

ಸ್ಟಿರಾಯ್ಡ್ ಅಂದ ಕೂಡಲೇ ನಿನ್ನ ಮುಖ ಹೇಗಾಗಿರುತ್ತದೆ ಎಂದು ಇಲ್ಲಿಂದಲೇ ಕಾಣುತ್ತಿದೆ. ಬೆಳವಣಿಗೆ ನಿಲ್ಲುತ್ತದೆ ಅಂತ ತಾನೆ? ಉತ್ತರ ಅಮೆರಿಕದಲ್ಲಿ ಸಾವಿರ ಮಕ್ಕಳನ್ನು ದೊಡ್ಡವರಾಗುವವರೆಗೆ ಹಿಂಬಾಲಿಸಿ ನೋಡಿದ ಅಧ್ಯಯನವೊಂದರ ಫಲ 2012ರಲ್ಲಿ ಬಂತು. ವರ್ಷಗಟ್ಟಲೆ ದಿನಾ ಬುಡೆಸೊನೈಡ್ ಸೇದಿದವರ ಎತ್ತರ ಉಳಿದವರಿಗಿಂತ ಸರಾಸರಿ 1.2 ಸೆಂಟಿಮೀಟರ್ ಕಡಿಮೆ. ಒಂದು ಬೆರಳ ಅಗಲವೂ ಇಲ್ಲ. ಅದನ್ನು ನಿನ್ನಿಂದ ಮುಚ್ಚಿಡುವುದೂ ಇಲ್ಲ, ದೊಡ್ಡದು ಮಾಡುವುದೂ ಇಲ್ಲ. ರಾತ್ರಿಯೆಲ್ಲ ಕೆಮ್ಮಿ, ನಿದ್ದೆಗೆಟ್ಟು, ಆಟಕ್ಕೂ ಹೋಗದೆ ಕೂರುವ ಮಗುವಿನ ಬೆಳವಣಿಗೆಯ ಮುಂದೆ ಆ ಒಂದು ಸೆಂಟಿಮೀಟರನ್ನು ಇಟ್ಟು ನೀನೇ ತೂಗು. ಪಫ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಲಿ, ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು ಬರುತ್ತದೆ. ರಾತ್ರಿ ಮಾತ್ರೆ ಮೊಂಟೆಲುಕಾಸ್ಟ್ ಕೂಡ ಬರೆದಿದ್ದಾರೆ ಅಂದೆಯಲ್ಲ, ಅದು ಶುರುವಾದ ಮೇಲೆ ಮಗು ಕೆಟ್ಟ ಕನಸಿಗೆ ಕಿರುಚಿದರೆ, ಸಿಡುಕನಾದರೆ, ಸುಮ್ಮನಿರದೆ ಡಾಕ್ಟರಿಗೆ ಹೇಳು. ಅದಕ್ಕೆ ಅಮೆರಿಕದ ಎಫ್.ಡಿ.ಎ. 2020ರಲ್ಲಿ ಕಡು ಎಚ್ಚರಿಕೆಯನ್ನೇ ಹಾಕಿಸಿದೆ. ಹೆದರುವುದಿದ್ದರೆ ಇಂಥದ್ದಕ್ಕೆ ಹೆದರು.

ನೀನು ಕಳಿಸಿದ ಇನ್ನೊಂದು ವಾಟ್ಸಾಪ್ ಸಂದೇಶ, 'ಅಸ್ತಮಾ ಇದ್ದವರಿಗೆ ಮುಂದೆ ಹೃದಯದ ಲಯ ತಪ್ಪುತ್ತದೆ' ಎನ್ನುವುದು, ಪೂರ್ತಿ ಗಾಳಿಮಾತಲ್ಲ. ನಾರ್ವೆಯಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ವರ್ಷಾನುಗಟ್ಟಲೆ ನೋಡಿದ ಅಧ್ಯಯನ 2018ರಲ್ಲಿ ಬಂತು. ಅಸ್ತಮಾ ಇದ್ದವರಲ್ಲಿ ಮುಂದೆ ಏಟ್ರಿಯಲ್ ಫಿಬ್ರಿಲೇಶನ್ ಎಂಬ ಲಯದ ತೊಂದರೆ ತುಸು ಹೆಚ್ಚು ಕಂಡಿತು. ಆದರೆ ಸಂದೇಶ ಕಳಿಸಿದವರು ಬಿಟ್ಟ ಸಾಲು ಒಂದಿದೆ: ಹೆಚ್ಚು ಕಂಡದ್ದು ಅಸ್ತಮಾ ಹತೋಟಿಯಲ್ಲಿ ಇಲ್ಲದವರಲ್ಲಿ. ಅದೂ ದೊಡ್ಡವರಲ್ಲಿ. ಪುಟ್ಟುವಿನ ಮೇಲೆ ಅದನ್ನು ಎಳೆದು ಹೊದಿಸಬೇಡ.

ಹಾಗೆಂದು ಎದೆಯ ಮಾತನ್ನು ತಳ್ಳಿಹಾಕುವುದೂ ಬೇಡ. ಉಬ್ಬಸವೂ ಇಲ್ಲ, ಪಂಪೂ ತೆಗೆದಿಲ್ಲ, ಸುಮ್ಮನೆ ಕೂತ ಮಗು 'ಎದೆ ಹಾರುತ್ತಿದೆ' ಅಂದು, ನಾಡಿ ಎಣಿಸಲೂ ಆಗದಷ್ಟು ವೇಗದಲ್ಲಿ ಓಡಿ, ಬಟನ್ ಒತ್ತಿದ ಹಾಗೆ ತಟ್ಟನೆ ನಿಂತರೆ, ಓಡುತ್ತಿದ್ದಾಗ ತಲೆ ತಿರುಗಿ ಬಿದ್ದರೆ, ವಂಶದಲ್ಲಿ ಯಾರಾದರೂ ಎಳೆವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ, ಅಲ್ಲಿ ಹೃದಯದ ಡಾಕ್ಟರು ಬೇಕು. ಇನ್ನೊಂದು, ಇದನ್ನು ಎಲ್ಲರಿಗೂ ಹೇಳುತ್ತೇನೆ: ತಲೆನೋವಿಗೋ ಎದೆಬಡಿತಕ್ಕೋ ಕೊಡುವ ಪ್ರೊಪ್ರನೊಲಾಲ್ ಎಂಬ ಮಾತ್ರೆ ಅಸ್ತಮಾದವರಿಗೆ ಕೂಡದು. ಅದು ಪಂಪು ತೆರೆಯುವ ಬೀಗವನ್ನೇ ಒಳಗಿನಿಂದ ಜಡಿಯುತ್ತದೆ. ಯಾವ ಡಾಕ್ಟರ ಹತ್ತಿರ ಹೋದರೂ, ಯಾವ ಕಾಯಿಲೆಗೇ ಹೋಗಲಿ, 'ಇವನಿಗೆ ಅಸ್ತಮಾ ಇದೆ' ಎನ್ನುವುದು ಮೊದಲ ಮಾತಾಗಿರಲಿ.

ಇನ್ನು ರಾತ್ರಿ ಎದ್ದಾಗ ಏನು ನೋಡಬೇಕು? ನಾಡಿ ಆಮೇಲೆ. ಅಂಗಿ ಬಿಚ್ಚಿ ಲೈಟು ಹಾಕು. ಪಕ್ಕೆಲುಬುಗಳ ನಡುವೆ, ಕತ್ತಿನ ಕುಳಿಯಲ್ಲಿ ಚರ್ಮ ಒಳಕ್ಕೆ ಸೆಳೆಯುತ್ತಿದೆಯೇ? ಮೂಗಿನ ಹೊಳ್ಳೆ ಅರಳುತ್ತಿದೆಯೇ? ಒಂದು ಪೂರ್ತಿ ನಿಮಿಷ ಗಡಿಯಾರ ನೋಡಿಕೊಂಡು ಉಸಿರು ಎಣಿಸು, ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಬೇಡ. ಐದು ದಾಟಿದ ಮಗು ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರಾಡುತ್ತಿದ್ದರೆ, ನಾಡಿ 125 ಮೀರಿದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದೆ ತುಂಡು ತುಂಡು ಮಾತಾಡಿದರೆ, ಅದು ಬಿಗಿ ಉಬ್ಬಸ. ಕೊರೊನಾ ಕಾಲದಲ್ಲಿ ತಂದ ಆಕ್ಸಿಮೀಟರ್ ಡ್ರಾಯರಿನಲ್ಲಿದ್ದರೆ ತೆಗೆ. ಬೆರಳು ಬೆಚ್ಚಗಿರಲಿ, ಅಂಕಿ ಕುಣಿಯುವುದು ನಿಂತ ಮೇಲೆ ಓದು. 92ಕ್ಕಿಂತ ಕೆಳಗೆ ಬಂದರೆ ಅಲ್ಲಿ ಮನೆಮದ್ದಿಲ್ಲ, 108ಕ್ಕೆ ಫೋನು. ಅಂಕಿ ಚೆನ್ನಾಗಿದ್ದೂ ಪಕ್ಕೆ ಸೆಳೆಯುತ್ತಿದ್ದರೆ ಯಂತ್ರವನ್ನಲ್ಲ, ಪಕ್ಕೆಯನ್ನು ನಂಬು. ದಾರಿಯುದ್ದಕ್ಕೂ ಪಂಪು ನಿಲ್ಲಬಾರದು. ಸಾಮಾನ್ಯವಾಗಿ ಈ ವಯಸ್ಸಿಗೆ ನಾಲ್ಕರಿಂದ ಆರು ಪಫ್, ಬೇಕಾದರೆ ಇಪ್ಪತ್ತು ನಿಮಿಷಕ್ಕೊಮ್ಮೆ, ಮೊದಲ ಒಂದು ಗಂಟೆ. ನಿಮ್ಮ ಡಾಕ್ಟರ ಕೈಯಲ್ಲಿ ಈ ಲೆಕ್ಕವನ್ನು ಪುಟ್ಟುವಿನ ಹೆಸರಿನಲ್ಲೇ ಒಂದು ಕಾಗದದಲ್ಲಿ ಬರೆಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸು. ರಾತ್ರಿ ಎರಡು ಗಂಟೆಗೆ ಯಾರ ತಲೆಯೂ ಓಡುವುದಿಲ್ಲ.

ಪಫ್ ಒಂದೊಂದಾಗಿ. ಪಂಪು ಅಲ್ಲಾಡಿಸು, ಸ್ಪೇಸರಿಗೆ ಸಿಕ್ಕಿಸು, ಒಂದು ಒತ್ತು, ಮಗು ಐದಾರು ಸಲ ನಿಧಾನ ಉಸಿರಾಡಲಿ, ಮತ್ತೆ ಅಲ್ಲಾಡಿಸು. ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಔಷಧ ಪ್ಲಾಸ್ಟಿಕ್ಕಿಗೆ ಮೆತ್ತಿಕೊಳ್ಳುತ್ತದೆ. ಮಗು ಅಳುವಾಗ ಕೊಟ್ಟರೆ ಹೆಚ್ಚಿನದು ಗಂಟಲಿಗೆ ಹೋಗುತ್ತದೆ. ಪ್ರಯಾಣದಲ್ಲಿ ಸ್ಪೇಸರ್ ಮರೆತೆ ಅಂದುಕೋ, ಅರ್ಧ ಲೀಟರಿನ ನೀರಿನ ಬಾಟಲಿಯ ತಳಕ್ಕೆ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡು, ಬಾಟಲಿಯ ಬಾಯಿ ಮಗುವಿನ ಬಾಯಿಗೆ. ದಕ್ಷಿಣ ಆಫ್ರಿಕಾದ ಡಾ. ಹೆದರ್ ಝಾರ್ ಇದನ್ನು ಮಕ್ಕಳಲ್ಲಿ ಪರೀಕ್ಷೆ ಮಾಡಿ 1999ರಲ್ಲೇ ತೋರಿಸಿಕೊಟ್ಟಿದ್ದಾರೆ. ಅಂಗಡಿಯ ಸ್ಪೇಸರಿಗೆ ಅದು ಸೋಲಲಿಲ್ಲ.

ನಿನ್ನ ಅತ್ತೆಯವರ ಮಾತಿಗೆ ಬರುತ್ತೇನೆ. (ನಾನೂ ಅತ್ತೆಯೇ, ಅವರ ಮೇಲೆ ಚಾಡಿ ಹೇಳುವುದಿಲ್ಲ.) ಬೀದರಿನವರು, ಮೃಗಶಿರಾ ಮಳೆ ಹಿಡಿಯುವ ದಿನ ಹೈದರಾಬಾದಿಗೆ ಕರೆದೊಯ್ದು ಮೀನಿನ ಮದ್ದು ನುಂಗಿಸಬೇಕು ಅನ್ನುತ್ತಾರಂತೆ. ಅವರ ಕಕ್ಕುಲಾತಿಯನ್ನು ನೋಯಿಸಬೇಡ. ನನ್ನನ್ನು ಕೇಳಿದರೆ, ಅಸ್ತಮಾ ಅದರಿಂದ ಹೋದದ್ದನ್ನು ನನ್ನ ಕಣ್ಣಾರೆ ಕಂಡಿಲ್ಲ. ಜೂನ್ ತಿಂಗಳ ಆ ಗರ್ದಿಯಲ್ಲಿ, ಧೂಳಿನಲ್ಲಿ ಗಂಟೆಗಟ್ಟಲೆ ಸಾಲು ನಿಲ್ಲುವುದೇ ಉಬ್ಬಸ ತರಿಸೀತು. ಏದುಸಿರು ಇರುವ ಮಗುವಿನ ಗಂಟಲಿಗೆ ಜೀವಂತ ಮೀನು ಬಿಡುವುದಂತೂ ಬೇಡವೇ ಬೇಡ. ಅವರಿಗೆ ಮಾಡಲು ಕೆಲಸ ಬೇಕಲ್ಲವೇ, ಸೊಳ್ಳೆಬತ್ತಿ ಬಿಡಿಸುವ ಜವಾಬ್ದಾರಿ ಅವರಿಗೆ ಕೊಡು. ಒಂದು ಕಾಯಿಲ್ ಉರಿದು ಮುಗಿಯುವಷ್ಟರಲ್ಲಿ ಬಿಡುವ ಸಣ್ಣ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು 2003ರ ಅಧ್ಯಯನವೊಂದು ಅಳೆದಿದೆ. ಪರದೆ ಕಟ್ಟಿ ಮಲಗಿ. ಊದುಬತ್ತಿಯನ್ನು ದೇವರು ತುಸು ದಿನ ಕ್ಷಮಿಸಿಯಾನು. ನಿಮ್ಮ ಬೆಂಗಳೂರಿನ ಮಾತೇ ಬೇರೆ, ಡಾ. ಎಚ್. ಪರಮೇಶ್ ಅಲ್ಲಿ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಟ್ಟಾಗ ಅಸ್ತಮಾದವರು 1979ರಲ್ಲಿ ನೂರಕ್ಕೆ 9 ಇದ್ದದ್ದು 1999ಕ್ಕೆ 29.5 ಆಗಿತ್ತು. ಅದು ಊರಿನ ಮಕ್ಕಳೆಲ್ಲರ ಲೆಕ್ಕವಲ್ಲ ನಿಜ, ಆದರೂ ಏರಿದ ದಾರಿ ಕಾಣುತ್ತದಲ್ಲ.

ಆಟ ಬಿಡಿಸಬೇಡ. ಓಡಿದರೆ ಉಬ್ಬಸ ಬರುತ್ತದೆ ಎಂದಾದರೆ ದಿನದ ಪಂಪು ಸಾಲುತ್ತಿಲ್ಲ ಎಂದು ಅರ್ಥ, ಓಟ ತಪ್ಪು ಎಂದಲ್ಲ. ಶಾಲೆಯ ಟೀಚರಿಗೆ ಹೇಳಿ ಒಂದು ತಕ್ಷಣದ ಪಂಪು ಅಲ್ಲೂ ಇರಲಿ. ನಿನ್ನಪ್ಪನನ್ನೇ ನೋಡು, ಉಸಿರು ಕಟ್ಟಿ ನೀಲಿಯಾಗುತ್ತಿದ್ದ ಹುಡುಗ ಅರವತ್ತಾರರಲ್ಲಿ ದಿನಾ ತೋಟದ ದರೆ ಹತ್ತಿ ಇಳಿಯುತ್ತಾನೆ. ಜೇಬಿನಲ್ಲಿ ಎಲೆಯಡಿಕೆ ಒಂದು ಕಡೆ, ಪಂಪು ಇನ್ನೊಂದು ಕಡೆ. ಎಲೆಯಡಿಕೆ ಬಿಡು ಎಂದು ನಾನು ಹೇಳುತ್ತಲೇ ಇದ್ದೇನೆ, ಅದು ಬೇರೆ ಕಾಗದ.

ಮುಂದಿನ ಶುಕ್ರವಾರ ರಾತ್ರಿ ಬಸ್ಸಿಗೆ ಬರುತ್ತೇನೆ. ಪುಟ್ಟು ಸ್ಪೇಸರಿನಲ್ಲಿ ಹೇಗೆ ಎಳೆಯುತ್ತಾನೆ ಎಂದು ನನ್ನೆದುರು ಮಾಡಿ ತೋರಿಸಲಿ. ಅಷ್ಟರೊಳಗೆ ಒಂದು ಕೆಲಸ ಮಾಡಿಡು: ದಿನದ ಪಂಪಿನ ಡಬ್ಬಿ ಒಡೆದ ತಾರೀಖನ್ನು ಅದರ ಮೇಲೆಯೇ ಮಾರ್ಕರಿನಲ್ಲಿ ಬರೆ. ಡಬ್ಬಿಯ ಮೇಲೆ ಎಷ್ಟು ಪಫ್ ಎಂದು ಅಚ್ಚಾಗಿರುತ್ತದೆ. ಇನ್ನೂರು ಎಂದಿದ್ದು, ದಿನಕ್ಕೆ ಎರಡರಂತೆ ಕೊಟ್ಟರೆ ನೂರು ದಿನಕ್ಕೆ ಮುಗಿಯಬೇಕು. ಅಲ್ಲಾಡಿಸಿದರೆ ಗಳಗಳ ಎನ್ನುತ್ತದೆ ಎಂದು ಆಮೇಲೂ ಇಟ್ಟುಕೊಳ್ಳಬೇಡ, ಔಷಧ ಮುಗಿದ ಮೇಲೂ ಅದು ಗಾಳಿ ಬಿಡುತ್ತಲೇ ಇರುತ್ತದೆ. ಹಪ್ಪಳ ತರುತ್ತೇನೆ. ಬೇರೇನಾದರೂ ಬೇಕಿದ್ದರೆ ಗುರುವಾರದೊಳಗೆ ಹೇಳು.